ಶನಿಗ್ರಹಕ್ಕೆ ಬಿಳಿಗೆರೆ ಕೊಬ್ಬರಿ

ಟೀವಿಯಲ್ಲಿ ‘ಶನಿಗ್ರಹ ಠಾಣೆ’ ಧಾರಾವಾಹಿ ಮುಗಿದ ಮೇಲೆ ಅದರ ಉಪಕತೆಗಳನ್ನು ಆಡಿಯೋ ನಾಟಕ ಮಾಡುತ್ತಾರೆಂದು ತಿಳಿದಾಗಿನಿಂದ ಬಿಳಿಗೆರೆಯ ಗೊಬ್ಬರದಂಗಡಿ ದಯಾನಂದನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಅಂತರಿಕ್ಷ ನೌಕೆಯ ಕ್ಯಾಪ್ಟನ್ ಪಾತ್ರಕ್ಕೆ ಧ್ವನಿ ಕಳಿಸಲು ಇಂದು ಸಂಜೆ ಐದು ಗಂಟೆಯೇ ಗಡುವು. ಇಪ್ಪತ್ತು ವರ್ಷ ‘ಯೂರಿಯಾ ಖಾಲಿ’ ಎಂದೇ ಕೂಗಿದ ಗಂಟಲಿಗೆ ಇದೊಂದೇ ಬಿಡುಗಡೆ.

ಬಾಗಿಲು ಹಾಕಿಕೊಂಡು, ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ, “ಶತ್ರುಗಳೇ, ಶರಣಾಗಿ!” ಎಂದು ಅಬ್ಬರಿಸಿದ.

ಪಕ್ಕದ ಮನೆ ಸಿದ್ದಕ್ಕ ಕಿಟಕಿಯಲ್ಲಿ ಇಣುಕಿದಳು. “ಯಾರ್ ಮ್ಯಾಲೆ ಜಗಳ ದಯಾನಂದಾ? ತಾಳು, ನಾನೂ ಬತ್ತೀನಿ!”

ಎರಡನೇ ಸಲ ಅವಳ ಮಿಕ್ಸಿ ಅಡ್ಡ ಬಂತು. ಮೂರನೇ ಸಲ ಅವನ ತಾಯಿ ಶಿವರುದ್ರಮ್ಮನೂ ಕೊಬ್ಬರಿ ವ್ಯಾಪಾರಿ ಹುಚ್ಚರಂಗಯ್ಯನೂ ಜಗುಲಿಯಲ್ಲಿ ಜಟಾಪಟಿಗೆ ಬಿದ್ದರು.

“ಅಟ್ಟದ್ ಕಾಯಿ ಇನ್ನೂ ಹಸಿ ಕಣಮ್ಮ. ಎರಡ್ ತಿಂಗ್ಳು ಬೇಕು.”

“ಹನ್ನೊಂದ್ ತಿಂಗ್ಳಾತು ಕಣಯ್ಯ! ಕೊಬ್ರಿ ಆಗ್ದಿದ್ರೆ ನನ್ ಹೆಸ್ರು ಶಿವರುದ್ರಮ್ಮ ಅಲ್ಲ!”

ಮಂಡಿನೋವಿನ ಹುಚ್ಚರಂಗಯ್ಯ ಅಟ್ಟ ಹತ್ತಲೊಲ್ಲ. ಕದಲಿದರೆ ಕಾಯಿ ಕೆಡುತ್ತದೆಂದು ಶಿವರುದ್ರಮ್ಮ ವ್ಯಾಪಾರ ಕುದುರದೆ ಒಂದನ್ನೂ ಕದಲಿಸಲೊಲ್ಲಳು. ವ್ಯಾಪಾರ ಮುರಿದುಬಿತ್ತು.

ಅಟ್ಟವೆಂದೊಡನೆ ದಯಾನಂದನ ತಲೆ ಓಡಿತು. ಆ ಕಾಯಿರಾಶಿಯ ನಡುವೆ ಹೊರಗಿನ ಸದ್ದು ಸುಳಿಯದು. ಕಾಯಿ ಮಾರುವ ತನಕ ಅಲ್ಲಿಗೆ ಇಲಿಯೂ ಹೋಗಕೂಡದೆಂಬುದು ತಾಯಿಯ ಕಟ್ಟಪ್ಪಣೆ. ಆದರೂ ಕಳ್ಳಹೆಜ್ಜೆಯಲ್ಲಿ ಹತ್ತಿ, ಮೊಬೈಲು ಒತ್ತಿ, ಎದೆಯುಬ್ಬಿಸಿ, ಕಾಲು ಅಪ್ಪಳಿಸಿ, “ಶತ್ರುಗಳೇ...” ಎಂದ. ಬಿದಿರ ದಬ್ಬೆ ಮುರಿಯಿತು. ಕಾಯಿಗಳು ಗುಡುಗುಡು ಗೊಟಗೊಟ ಎಂದು ಕೆಳಕ್ಕೆ ಸುರಿದವು. ಅವುಗಳ ಮೇಲೆ ಕ್ಯಾಪ್ಟನ್ ಬಿದ್ದ.

ಓಡಿಬಂದ ತಾಯಿ ಮಗನನ್ನು ದಾಟಿಹೋಗಿ ಕಾಯಿಯನ್ನು ಎತ್ತಿಕೊಂಡಳು.

ಐದಕ್ಕೆ ಎರಡೇ ನಿಮಿಷವಿತ್ತು. ಸೊಂಟ ಹಿಡಿದುಕೊಂಡು ದಯಾನಂದ ಮೊಬೈಲಿನಲ್ಲಿ ರೆಕಾರ್ಡ್ ಆಗಿದ್ದನ್ನೇ ಕಳಿಸಿಬಿಟ್ಟ. ಆರಕ್ಕೆ ನಾಟಕದವರಿಂದ ಉತ್ತರ ಬಂತು: “ಅದ್ಭುತ! ಆಯ್ಕೆಯಾಗಿದೆ! ವಿವರ ಧ್ವನಿಸಂದೇಶದಲ್ಲಿ.”

“ಗೆದ್ದೆ!” ಎಂದು ಕುಂಟುತ್ತಲೇ ಬೀದಿಯನ್ನೆಲ್ಲ ಜಗುಲಿಗೆ ಕರೆದ. ಹುಚ್ಚರಂಗಯ್ಯನೂ ಬಂದ. ಮೊಬೈಲು ಮಾತಾಡಿತು.

“ಸಾರ್, ನಿಮ್ಮ ಉಲ್ಕೆಗಳ ಮಳೆ ಕೇಳಿ ಮೈ ಜುಮ್ಮೆಂದಿತು. ಹತ್ತು ಕಂತಿಗೂ ಅದೇ ಬೇಕು. ನೀವೇ ಕೇಳಿ.” ಹಿಂದೆಯೇ ಗುಡುಗುಡು ಗೊಟಗೊಟ.

ಹುಚ್ಚರಂಗಯ್ಯ ಎದ್ದು ನಿಂತ. “ತಡೀರ್ಲಾ! ಇದು ಒಣಗಿ, ಚಿಪ್ಪು ಬುಟ್ಟಿರೋ ಕೊಬ್ರಿ ಸದ್ದು. ಒಂದೂ ಹಸಿ ಇಲ್ಲ. ಸೋತೆ ಕಣಮ್ಮ, ನಾಳೇನೇ ಅಷ್ಟೂ ಒಯ್ತೀನಿ!”

ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಶಿವರುದ್ರಮ್ಮ ಊರು ಗೆದ್ದವಳಂತೆ ಸೆರಗು ಸುತ್ತಿದಳು. ಸಂದೇಶ ಇನ್ನೂ ಮುಗಿದಿರಲಿಲ್ಲ.

“ಒಂದೇ ತೊಂದರೆ ಸಾರ್. ಮಧ್ಯೆ ಯಾರೋ ‘ಶತ್ರುಗಳೇ’ ಅಂತ ಕಿರುಚ್ತಾರೆ. ಅವರನ್ನ ದೂರ ಇಟ್ಟು, ಇನ್ನೊಂದ್ಸಲ ಮಾಡಿ ಕಳಿಸಿ.”

ದಯಾನಂದ ತಾಯಿಯ ಮುಖ ನೋಡಿದ. ಅವಳು ಖಾಲಿ ಬುಟ್ಟಿಯೊಂದನ್ನು ಅವನ ಕೈಗಿಟ್ಟಳು.

“ಹತ್ಲಾ ಅಟ್ಟ. ದಬ್ಬೆ ಕಟ್ಟಿ, ಬಾಯ್ ಮುಚ್ಕೊಂಡು ಕಾಯಿ ಜೋಡ್ಸು. ಈ ಸಲ ನಾನೇ ಬೀಳಿಸ್ತೀನಿ!”