ನಲವತ್ತೆರಡನೇ ಕಿಲೋಮೀಟರಿನ ಉಪಕಚೇರಿ

ತೂಕ ಮತ್ತು ಅಳತೆ ಇಲಾಖೆಯ ಉಪಕಚೇರಿಯೊಂದು ಊರಿನಿಂದ ನಲವತ್ತೆರಡು ಕಿಲೋಮೀಟರು ದೂರದಲ್ಲಿ ಸ್ಥಾಪನೆಯಾದದ್ದು ಸಾಹೇಬರ ಕಾರಿನ ಬ್ಯಾಟರಿಯ ಅನುಕೂಲಕ್ಕಾಗಿ. ಇದನ್ನು ಇಲಾಖೆ ಎಂದೂ ಮುಚ್ಚಿಟ್ಟಿಲ್ಲ. ಆದೇಶದ ಮೊದಲ ಸಾಲಿನಲ್ಲೇ ಇದೆ.

ಕಾರು ಹೊಸದು, ಮೈಲ್ಡ್ ಹೈಬ್ರಿಡ್. ಓಡುವುದು ಪೆಟ್ರೋಲಿನಲ್ಲೇ, ಪುಟ್ಟ ಬ್ಯಾಟರಿಯೊಂದು ಎಂಜಿನ್ನಿಗೆ ಆಗಾಗ ಕೈಜೋಡಿಸುತ್ತದೆ. ಎರಡನೇ ತಿಂಗಳಿಗೇ ಹಳದಿ ದೀಪ ಹತ್ತಿ, ಬ್ಯಾಟರಿ ಚಾರ್ಜ್ ಆಗುತ್ತಿಲ್ಲವೆಂದು ಸೂಚಿಸಿತು. ಇಲಾಖೆ ತಡಮಾಡಲಿಲ್ಲ. ಟೆಂಡರು ಕರೆದು, ಅಂಗಳದಲ್ಲಿ ಚಾರ್ಜಿಂಗ್ ಕಂಬ ನೆಟ್ಟು, ರಿಬ್ಬನ್ ಕತ್ತರಿಸಿ, ವೈರು ಹಿಡಿದು ಕಾರಿಗೆ ಮೂರು ಸುತ್ತು ಬಂದ ಮೇಲೆ, ಅದನ್ನು ಚುಚ್ಚುವುದಕ್ಕೆ ಕಾರಿನಲ್ಲಿ ತೂತೇ ಇಲ್ಲವೆಂಬುದು ಗಮನಕ್ಕೆ ಬಂತು. 'ಕಂಬ ಸುಸ್ಥಿತಿಯಲ್ಲಿದೆ. ಕಾರು ಅಪೂರ್ಣವಾಗಿದೆ' ಎಂದು ಷರಾ ಬರೆಯಲಾಯಿತು.

ಆಮೇಲೆ ಡ್ರೈವರನ್ನು ವಿಚಾರಣೆಗೆ ಕರೆದರು.

"ಬ್ಯಾಟರಿ ಯಾಕ್ರೀ ತುಂಬ್ತಿಲ್ಲ?" ಎಂದರು ಸಾಹೇಬರು.

"ದಾರಿ ಸಾಲ್ತಿಲ್ಲ ಸಾರ್. ಈ ಗಾಡಿ ಓಡಿದ್ರೇನೇ ಅದು ತುಂಬೋದು. ನಿಮ್ಮನೆಯಿಂದ ಆಫೀಸಿಗೆ ಆರ್ನೂರು ಮೀಟರು. ಸೀಟು ಬೆಚ್ಚಗಾಗೋದ್ರೊಳಗೆ ಬಂದ್ಬಿಡುತ್ತೆ."

"ಅಂದ್ರೆ ತಪ್ಪು ರಸ್ತೇದು?"

"ರಸ್ತೇದಲ್ಲ ಸಾರ್. ಮನೇದು."

ಸಾಹೇಬರು ನಿಷ್ಪಕ್ಷಪಾತಿಗಳು; ಮನೆಯ ತಪ್ಪನ್ನು ಒಪ್ಪಿಕೊಂಡರು. ವಾರಕ್ಕೊಮ್ಮೆ ಕಾರನ್ನು ದೂರ ಓಡಿಸುವುದೆಂದು ತೀರ್ಮಾನವಾಯಿತು. ಆದರೆ ನಿಯಮ ಹದಿನೇಳರ ಪ್ರಕಾರ ಇಲಾಖಾ ವಾಹನ ಕೆಲಸವಿಲ್ಲದೆ ಊರು ದಾಟುವಂತಿಲ್ಲ, ಇಲಾಖೆಯ ಕೆಲಸವೆಲ್ಲ ಊರೊಳಗೇ ಇತ್ತು. ಆದಕಾರಣ ನಲವತ್ತೆರಡನೇ ಕಿಲೋಮೀಟರಿನಲ್ಲಿ, ರಸ್ತೆ ಕೆಲಸದವರು ಬಿಟ್ಟುಹೋಗಿದ್ದ ಕೋಣೆಗೆ ಸುಣ್ಣ ಬಳಿದು, ಬೋರ್ಡು ತೂಗುಹಾಕಿ, ಗುಮಾಸ್ತೆಯೊಬ್ಬರನ್ನು ಅಲ್ಲಿಗೆ ವರ್ಗ ಮಾಡಲಾಯಿತು. ಹದಿನಾಲ್ಕು ವರ್ಷ ತಕ್ಕಡಿಗಳಿಗೆ ಮುದ್ರೆ ಒತ್ತಿದ್ದ ಅವರನ್ನು ಎಲ್ಲರೂ ಮುದ್ರೆ ಅಕ್ಕ ಎನ್ನುತ್ತಿದ್ದರು.

"ಅಲ್ಲಿ ನಾನೇನು ಮಾಡ್ಬೇಕು ಸಾರ್?" ಎಂದರು ಅಕ್ಕ.

"ಇರ್ಬೇಕು."

"ಇದ್ದು?"

"ತಪಾಸಣೆಗೆ ಒಳಗಾಗ್ಬೇಕು."

ಕಚೇರಿ ಐದೂವರೆಯವರೆಗೆ, ಊರಿಗೆ ಕಡೇ ಬಸ್ಸು ನಾಲ್ಕಕ್ಕೆ. ಅಕ್ಕ ಎದುರಿನ ಪಂಕ್ಚರ್ ಅಂಗಡಿಯ ಮಹಡಿಯಲ್ಲಿ ಬಾಡಿಗೆಗೆ ಉಳಿದರು. ಊರಿನಲ್ಲೇ ಉಳಿದಿದ್ದ ಪುಟ್ಟ ಮಗಳು ಫೋನು ಮಾಡಿ ಕೇಳುತ್ತಿದ್ದಳು: "ಅಮ್ಮಾ, ಯಾವಾಗ ಬರ್ತೀಯ?"

"ಬ್ಯಾಟರಿ ತುಂಬಿದ ಮೇಲೆ ಪುಟ್ಟಿ."

"ನನ್ನ ಆಟದ ಕಾರಿಂದು ಒಂದೇ ಗಂಟೇಲಿ ತುಂಬುತ್ತಲ್ಲಮ್ಮಾ!"

ಅಂಥ ದಿನ ಅಕ್ಕ ಸಂದರ್ಶಕರ ಪುಸ್ತಕದ ಖಾಲಿ ಹಾಳೆಗಳಿಗೆ ಸ್ಕೇಲು ಹಿಡಿದು ಗೆರೆ ಎಳೆಯುತ್ತ ಕೂರುತ್ತಿದ್ದರು. ಎಲ್ಲ ಗೆರೆಗಳೂ ನೇರವಾಗಿವೆಯೆಂದು ಸಾಹೇಬರು ಮೆಚ್ಚುಗೆ ದಾಖಲಿಸಿದ್ದಾರೆ.

ಸಾಹೇಬರು ಬರುತ್ತಿದ್ದದ್ದು ಬುಧವಾರ ಹನ್ನೊಂದಕ್ಕೆ. ಡ್ರೈವರು ಎಂಜಿನ್ ಆರಿಸದೆ ಹೊರಗೇ ಕೂತಿರುತ್ತಿದ್ದರು. ಸಾಹೇಬರು ಒಂದು ಮೇಜು, ಒಂದು ಕುರ್ಚಿ, ಒಂದು ಕಿಲೋ ತೂಕದ ಕಲ್ಲು ಮತ್ತು ಅಕ್ಕನನ್ನು ತಪಾಸಣೆ ಮಾಡಿ ಕೇಳುತ್ತಿದ್ದರು: "ಏನಾದ್ರೂ ಕೊರತೆ?"

"ಕೆಲಸದ್ದು ಸಾರ್."

'ಬೇರೆ ಕೊರತೆ ಇಲ್ಲ' ಎಂದು ದಾಖಲಾಗುತ್ತಿತ್ತು.

ಹೋಗುವಾಗ ತನ್ನನ್ನೂ ಊರಿಗೆ ಕರೆದೊಯ್ಯಿರೆಂದು ಅಕ್ಕ ಬೇಡಿಕೊಂಡರು. ಸಾಹೇಬರ ಕಾರಿನಲ್ಲಿ ಕೈಕೆಳಗಿನ ನೌಕರರು ಕೂರುವಂತಿರಲಿಲ್ಲ. ಇಲಾಖೆಯ ಸಾಮಾನು ಹೋಗಬಹುದಿತ್ತು. ಅಕ್ಕ ನಿಯಮಾವಳಿಯನ್ನು ಅರೆದು ಕುಡಿದವರು. ತೂಕದ ಕಲ್ಲನ್ನು ವಾರಕ್ಕೊಮ್ಮೆ ಮುಖ್ಯ ಕಚೇರಿಯಲ್ಲಿ ತಾಳೆ ನೋಡಬೇಕೆಂದೂ, ಅದರ ಉಸ್ತುವಾರಿಯವರು ಅದನ್ನು ಬಿಟ್ಟಿರಬಾರದೆಂದೂ ಪುಟ ತೆರೆದು ತೋರಿಸಿದರು. ಅಂದಿನಿಂದ ಪ್ರತಿ ಬುಧವಾರ ಕಲ್ಲು ಕಾರಿನಲ್ಲಿ ಊರಿಗೆ ಬಂತು. ಅಕ್ಕ ಅದರ ಜೊತೆಗೆ ಬಂದರು. ಗುರುವಾರ ಮೊದಲ ಬಸ್ಸಿಗೆ ಇಬ್ಬರೂ ವಾಪಸು.

ಎಂಟು ತಿಂಗಳಾದ ಮೇಲೆ ಕಾರು ಸರ್ವೀಸಿಗೆ ಹೋಯಿತು. ಮೆಕ್ಯಾನಿಕ್ಕು ಬಾನೆಟ್ ಎತ್ತಿ ನೋಡಿ ನಕ್ಕುಬಿಟ್ಟ.

"ಬ್ಯಾಟರಿಗೇನೂ ಆಗಿಲ್ಲ ಸಾರ್. ಅದನ್ನ ತುಂಬೋ ಜನರೇಟರಿನ ಬೆಲ್ಟು ಸಡಿಲ ಆಗಿ ಜಾರ್ತಿತ್ತು. ಬಿಗಿ ಮಾಡಿದೀನಿ. ಇನ್ನು ನೀವು ಮನೆಗೆ ಹೋಗಿ ಬಂದ್ರೂ ಸಾಕು."

ಕಚೇರಿಗೆ ಸಿಡಿಲು ಬಡಿದಂತಾಯಿತು. ಉಪಕಚೇರಿಗೆ ಅಷ್ಟರಲ್ಲಿ ವಾರ್ಷಿಕ ಗುರಿ ನಿಗದಿಯಾಗಿತ್ತು, ಕಾಂಪೌಂಡು ಅರ್ಧ ಎದ್ದಿತ್ತು. ಕಾಂಪೌಂಡಿನ ಕಂಟ್ರಾಕ್ಟರು ಸಾಹೇಬರ ಭಾವಮೈದ. ಅವನನ್ನೂ ಮೆಕ್ಯಾನಿಕ್ಕನ್ನೂ ಅಕ್ಕನನ್ನೂ ಕರೆಸಿ ತುರ್ತು ಸಭೆ ನಡೆಸಿದರು. ಹತ್ತೇ ನಿಮಿಷದಲ್ಲಿ ಠರಾವು ಪಾಸಾಯಿತು: 'ಬೆಲ್ಟನ್ನು ಯಥಾಸ್ಥಿತಿಗೆ ತರತಕ್ಕದ್ದು.'

"ಬಿಗಿ ಮಾಡಿದ್ದನ್ನ ಸಡಿಲ ಮಾಡ್ಬೇಕಾ? ಬರೆದುಕೊಡಿ," ಎಂದ ಮೆಕ್ಯಾನಿಕ್ಕು. ಮೂರು ಪ್ರತಿಗಳಲ್ಲಿ ಬರೆದುಕೊಡಲಾಯಿತು.

ಉಪಕಚೇರಿಯ ಸಿಬ್ಬಂದಿಯ ಒಪ್ಪಿಗೆ ಸಹಿಯೊಂದು ಬಾಕಿ ಇತ್ತು. ಅಕ್ಕ ಪೆನ್ನು ಕೆಳಗಿಟ್ಟರು.

"ಬೆಲ್ಟು ಬಿಗಿಯಾಗೇ ಇದ್ರೆ, ಆಫೀಸು ಮುಚ್ಚಿ ನಾನು ಇಲ್ಲಿಗೇ ಬರ್ತೀನಿ ತಾನೆ ಸಾರ್?"

"ನಿಮ್ಮ ಜಾಗ ಭರ್ತಿ ಆಯ್ತಮ್ಮ. ಖಾಲಿ ಇರೋದು ನೂರಾ ಹತ್ತನೇ ಕಿಲೋಮೀಟರಿನಾಚೆ."

ಅಕ್ಕ ಮೆಕ್ಯಾನಿಕ್ಕಿನತ್ತ ತಿರುಗಿದರು.

"ಎಷ್ಟು ಸಡಿಲ ಮಾಡ್ತೀಯಪ್ಪ?"

"ಮೊದಲಿದ್ದಷ್ಟೇ ಅಕ್ಕ."

"ಇನ್ನೂ ಸ್ವಲ್ಪ ಬಿಡು. ವಾರಕ್ಕೆ ಎರಡು ಸಲ ಅಷ್ಟು ದೂರ ಓಡಿದ್ರೇನೇ ತುಂಬೋ ಹಾಗೆ."

ಭಾವಮೈದ ಗಂಟಲು ಸರಿಮಾಡಿಕೊಂಡ.

"ಎರಡು ಸಲ ಬರೋದಾದ್ರೆ ಭಾವ, ಅಲ್ಲಿ ಕಾರಿಗೊಂದು ಶೆಡ್ಡು ಬೇಕಾಗುತ್ತೆ."

ಶೆಡ್ಡು ಮಂಜೂರಾಯಿತು. ತೂಕದ ಕಲ್ಲನ್ನು ಇನ್ನು ಮುಂದೆ ಶುಕ್ರವಾರವೂ ತಾಳೆ ನೋಡತಕ್ಕದ್ದೆಂದು ಸುತ್ತೋಲೆ ಹೊರಟಿತು. ಅಕ್ಕ ಸಹಿ ಹಾಕಿ, ಅಲ್ಲಿಂದಲೇ ಮಗಳಿಗೆ ಫೋನು ಮಾಡಿ ವಿಷಯ ತಿಳಿಸಿದರು. ಫೋನಿನಲ್ಲಿ ಮಗು ಕುಣಿದ ಸದ್ದು ಕೇಳಿ ಸಭೆಯವರೆಲ್ಲ ಚಪ್ಪಾಳೆ ತಟ್ಟಿದರು.