ಮೇಲಿನ ‘ಸ’ಕ್ಕೊಂದು ಎಸಿ

ಪೋಸ್ಟ್ ಆಫೀಸಿನ ಗುಮಾಸ್ತರಿಗೆ ತಲೆ ಕೆಟ್ಟುಹೋಗಿತ್ತು. ಅಲ್ಲ ಸ್ವಾಮಿ, ಮನುಷ್ಯ ಮಾತು ಕೇಳದಿದ್ದರೆ ಬೈಯಬಹುದು, ಕರೆಂಟೇ ಮಾತು ಕೇಳದಿದ್ದರೆ? ಕರೆಂಟಿನಿಂದಲೇ ಸ್ವರ ಹೊರಡಿಸುವ, ಬೀರುವಿನಷ್ಟು ದೊಡ್ಡ ಸಿಂಥಸೈಜರನ್ನು (ಹೆಂಡತಿಯ ಬಾಯಲ್ಲಿ ‘ವೈರಿನ ಹುತ್ತ’) ಅವರು ಹಿಂದಿನ ಕೋಣೆಯಲ್ಲಿ ಪ್ರತಿಷ್ಠಾಪಿಸಿದ್ದರು. ಕೀಲಿಮಣೆಯ ಒಂದೊಂದು ಮನೆ ಒತ್ತಿದಾಗಲೂ, ನಾದ ಹುಟ್ಟಿಸುವ ಆಸಿಲೇಟರಿಗೆ ಅಷ್ಟಷ್ಟೇ ವೋಲ್ಟೇಜು ಹೋಗಿ ತಕ್ಕ ಸ್ವರ ಬರಬೇಕು. ಕೆಳಗಿನ ‘ಸ’ ಬರುತ್ತಿತ್ತು, ಮೇಲಿನ ‘ಸ’ ಎತ್ತಲೋ ಜಾರುತ್ತಿತ್ತು. ಸ್ಕ್ರೂ ತಿರುಗಿಸಿ ಮೇಲಿನದನ್ನು ಒಲಿಸಿಕೊಂಡರೆ ಕೆಳಗಿನದು ಮುನಿಸಿಕೊಳ್ಳುತ್ತಿತ್ತು.

ಹೆಂಡತಿಯೋ ಸಂಗೀತದ ಟೀಚರು. ಅಪಸ್ವರ ಕೇಳಿದರೆ ಅವರ ಹಲ್ಲು ಜುಮ್ಮೆನ್ನುತ್ತದೆ.

“ರೀ, ಭಾನುವಾರ ಅಮ್ಮ ಬರ್ತಿದ್ದಾರೆ. ಅಷ್ಟರಲ್ಲಿ ಇದನ್ನ ಕೆಳಗಿಂದ ಮೇಲಿನವರೆಗೆ ಸರಿಯಾಗಿ ನುಡಿಸಿ. ಇಲ್ಲಾಂದ್ರೆ ಕೋಣೆ ಅಮ್ಮನಿಗೆ, ಹುತ್ತ ಗುಜರಿಗೆ!”

ಗುಮಾಸ್ತರು ಬಾಗಿಲು ಜಡಿದು, ಬೆವರು ಸುರಿಸಿ, ಎರಡೂ ‘ಸ’ಗಳನ್ನು ದಾರಿಗೆ ತಂದು ಹೆಂಡತಿಯನ್ನು ಕರೆದರು. ಆಕೆ “ಅಬ್ಬಾ, ಏನು ಸೆಕೆ!” ಎಂದು ಫ್ಯಾನ್ ಹಾಕಿ ಕೂತರು. ನುಡಿಸಿದರೆ ಅಪಸ್ವರ!

“ನೀನು ಬಂದ್ರೇ ಕೆಡುತ್ತೆ ಕಣೇ!”

“ಹೌದೌದು, ಈಗ ನಾನೇ ಶನಿ!” ಆಕೆ ರೇಗಿ ಫ್ಯಾನ್ ಆರಿಸಿ ಹೊರಟೇಹೋದರು.

ಸ್ವಲ್ಪ ಹೊತ್ತಿಗೆ ‘ಸ’ ತಾನಾಗಿಯೇ ಸರಿಹೋಯಿತು. ಗುಮಾಸ್ತರು ಯಂತ್ರವನ್ನೊಮ್ಮೆ, ಫ್ಯಾನನ್ನೊಮ್ಮೆ ಪಿಳಿಪಿಳಿ ನೋಡಿದರು. (ಜ್ಞಾನೋದಯಕ್ಕೆ ಮರದ ಕೆಳಗೇ ಕೂರಬೇಕೆಂದಿಲ್ಲ.)

“ಸೆಕೆ ಏರಿಳಿದ್ರೆ ಶ್ರುತಿ ಕೆಡುತ್ತೆ ಕಣೇ! ಕೋಣೆ ಒಂದೇ ಹದದಲ್ಲಿರಬೇಕು. ಒಂದು ಎಸಿ ಹಾಕಿಸಿಬಿಟ್ರೆ...”

“ಬೇಸಿಗೇಲಿ ನಾನು ಕೇಳಿದಾಗ ಕಿಟಕಿ ತೆಗಿ ಅಂದ್ರಿ. ಈಗ ಹುತ್ತಕ್ಕೆ ಎಸಿ!”

ಗೊಣಗಾಟದ ನಡುವೆಯೇ ಎಸಿ ಬಂತು. ಭಾನುವಾರ ಅತ್ತೆಯೂ ಬಂದರು. ಗುಮಾಸ್ತರು ನುಡಿಸಿದರು. ಒಂದು ಸ್ವರವೂ ಕದಲಲಿಲ್ಲ.

“ಗೆದ್ರಿ ಕಣ್ರೀ, ಕೋಣೆ ನಿಮ್ಮದೇ,” ಎಂದರು ಹೆಂಡತಿ. ಗುಮಾಸ್ತರು ಹಿಗ್ಗಿ ಹೀರೇಕಾಯಿಯಾಗಿ ತಿರುಗಿದರೆ, ಅತ್ತೆ ಎಸಿಯ ಕೆಳಗೆ ಹಾಸಿಗೆ ಬಿಚ್ಚುತ್ತಿದ್ದಾರೆ!

“ಎಂಥಾ ತಂಪು! ನನಗೋಸ್ಕರ ಇಷ್ಟೆಲ್ಲ ಮಾಡಿಸಿದ್ರಾ ಅಳಿಯಂದಿರೇ? ಇವಳು ಸುಮ್ಮನೆ ನಿಮ್ಮ ಮೇಲೆ ದೂರು ಹೇಳ್ತಾಳೆ.”

ಇಲ್ಲ ಅನ್ನೋಕೆ ಯಾವ ಅಳಿಯನಿಗೆ ಬಾಯಿ ಬರುತ್ತೆ ಹೇಳಿ? ಸಂಜೆಗೆಲ್ಲ ಹುತ್ತ ಅಡುಗೆಮನೆಗೆ, ಒಲೆಯ ಪಕ್ಕಕ್ಕೆ ಹೋಯಿತು. ಜಾಗ ಕೊಟ್ಟಿದ್ದಕ್ಕೆ ಹಾಲು ಕಾಯಿಸುವ ಕೆಲಸವೂ ಗುಮಾಸ್ತರ ತಲೆಗೇ ಬಂತು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಸ್ಕ್ರೂಡ್ರೈವರ್ ಹಿಡಿದು ಅವರು ಮೇಲಿನ ‘ಸ’ವನ್ನು ಹುಡುಕುತ್ತಿದ್ದರೆ, ತಂಪು ಕೋಣೆಯೊಳಗಿಂದ ಅತ್ತೆಯ ದನಿ ಕೇಳುತ್ತದೆ:

“ಅಳಿಯಂದಿರೇ, ಶ್ರುತಿ ಜಾರ್ತಾ ಇದೆ, ಹಾಲು ಉಕ್ಕುತ್ತೆ ನೋಡಿ!”