ಹನಿಯೂ ಇಂಗದ ಇಂಗುಗುಂಡಿ

ಪಾಲಿಕೆಯ ನೌಕರಿ ಎಂದರೆ ತಿಂಗಳಿಗೊಮ್ಮೆ ಪಗಾರ, ವಾರಕ್ಕೊಮ್ಮೆ ಎದೆ ಧಸಕ್ಕೆನ್ನುವ ಸುದ್ದಿ. ಎರಡನೆಯದು ಒಂದು ವಾರವೂ ತಪ್ಪಿದ್ದು ನನಗೆ ನೆನಪಿಲ್ಲ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಮಹಾರಾಷ್ಟ್ರದ ಗಡಹಿಂಗ್ಲಜ ಸೀಮೆಯ ಒಂದು ಸಣ್ಣ ಪಾಲಿಕೆಯಲ್ಲಿ ಓವರಸಿಯರ್ ಆಗಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಇದರಲ್ಲಿ ಬರುವವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಮನೆಯ ತನಕ ನಡೆದು ಬರುವಷ್ಟು ಶಕ್ತಿ ಇದೆ.

ನಮ್ಮ ಓಣಿಗೆ ಒಂದೇ ಬಾವಿ. ಹೋಳಿ ಹುಣ್ಣಿಮೆ ಬಂತೆಂದರೆ ಅದರ ತಳ ಕಾಣುತ್ತಿತ್ತು. ಅಲ್ಲಿಂದ ಮಳೆ ಹಿಡಿಯುವವರೆಗೆ ಹೆಂಗಸರು ಮೈಲಿ ದೂರದ ಹೊಳೆಗೆ ಹೋಗಬೇಕು. ನನ್ನ ಹೆಂಡತಿ ತಲೆಯ ಮೇಲಿನ ಕೊಡ ಇಳಿಸುವಾಗೆಲ್ಲ ಅನ್ನುತ್ತಿದ್ದದ್ದು ಒಂದೇ ಮಾತು: "ಪಾಲಿಕ್ಯಾಗ ದೊಡ್ಡ ಸಾಹೇಬರಂತ. ಓಣಿ ಬಾವಿಗಿ ನೀರ ತರಾಕ ಆಗವಲ್ದು."

ಆಗ ಹೊಸದಾಗಿ ಬಂದ ಮುಖ್ಯಾಧಿಕಾರಿಗಳಿಗೆ ಒಂದು ಯೋಜನೆ ಹೊಳೆಯಿತು. ಮಳೆಗಾಲದಲ್ಲಿ ಮಾಳಿಗೆಗಳಿಂದ, ರಸ್ತೆಗಳಿಂದ ಹರಿದು ಹಾಳಾಗುವ ನೀರನ್ನು ಹಿಡಿಯುವುದು; ಬಾವಿಗಳ ಪಕ್ಕ ಗುಂಡಿ ತೋಡಿ ಅದರಲ್ಲಿ ಇಂಗಿಸುವುದು; ಖರ್ಚಿಗೆ ಸರಕಾರದ ಅನುದಾನ ಕೇಳುವುದು. ಕೆಲಸ ನನ್ನ ತಲೆಗೆ ಬಂತು. ನಾನು ಸಂಜೆ ಮನೆಗೆ ಹೋದವನೇ, ಮುಂದಿನ ಬೇಸಿಗೆ ಇಲ್ಲವೇ ಅದರ ಮುಂದಿನ ಬೇಸಿಗೆಗೆ ನೀನು ಓಣಿಯಲ್ಲೇ ನೀರು ಸೇದುತ್ತೀ ಎಂದು ಹೆಂಡತಿಗೆ ಮಾತು ಕೊಟ್ಟುಬಿಟ್ಟೆ. ಆಗಿನ್ನೂ ಅರ್ಜಿ ಬರೆಯುವುದಕ್ಕೆ ಕಾಗದ ಕೂಡ ಬಂದಿರಲಿಲ್ಲ.

೧. ಮಳೆಯ ಹಂಚಿಕೆ

ಮೊದಲು ಸಭೆಯಲ್ಲಿ ಠರಾವು ಪಾಸಾಗಬೇಕು. ನಾನು ನಕ್ಷೆ ಹಿಡಿದು ಅರ್ಧ ತಾಸು ವಿವರಿಸಿದೆ. ಕಿರಾಣಿ ವ್ಯಾಪಾರಿಯಾದ ಒಬ್ಬ ಹಿರಿಯ ಸದಸ್ಯರು ಎದ್ದು ನಿಂತರು.

"ನೀರ ಮಣ್ಣಾಗ ಸುರುವಾಕ ಅನುದಾನ ಯಾಕ ಬೇಕ್ರಿ? ನಮ್ಮ ಮನಿ ಹೆಂಗಸರು ದಿನಾ ಮುಂಜಾನೆ ಅಂಗಳಕ್ಕ ಹೊಡಿತಾರ, ಪುಕಟ."

ಅವರನ್ನು ಕೂರಿಸುವಷ್ಟರಲ್ಲಿ ಮೇಲಿನ ವಾರ್ಡಿನವರು ಎದ್ದರು. "ನಮ್ಮ ವಾರ್ಡಿನ್ಯಾಗ ಬಿದ್ದ ಮಳಿ ನಮ್ಮಲ್ಲೇ ಇಂಗಬೇಕು. ಇಳಕಲ ಐತಿ ಅಂತ ಕೆಳಗಿನವರಿಗಿ ನಾವು ಬಿಡೂದಿಲ್ಲ."

ಕೆಳಗಿನ ವಾರ್ಡಿನವರು ಸುಮ್ಮನಿರುತ್ತಾರೆಯೇ? "ಹಂಗಾರ ನಿಮ್ಮ ಗಟಾರದ ನೀರೂ ನಿಮ್ಮಲ್ಲೇ ಇಟ್ಕೋರಿ. ಇಪ್ಪತ್ತ ವರ್ಷಾತು, ನಮ್ಮ ಬಾಗಲಿಗಿ ಬರಾಕತ್ತೈತಿ."

ಕುರ್ಚಿಗಳು ಸರಿದವು, ಟೋಪಿಗಳು ಬಿದ್ದವು. ಕೊನೆಗೆ ಅಧ್ಯಕ್ಷರು ಎಲ್ಲರಿಗೂ ಚಹಾ ತರಿಸಿ ಠರಾವು ಸರ್ವಾನುಮತದಿಂದ ಪಾಸು ಮಾಡಿಸಿದರು. ಮರುದಿನ ಅದರ ನಕಲು ನನ್ನ ಟೇಬಲ್ಲಿಗೆ ಬಂತು. ಅದರಲ್ಲಿ ಬರೆದದ್ದು ಇಷ್ಟು: "ಮಳೆಯನ್ನು ಎಲ್ಲ ವಾರ್ಡುಗಳಿಗೂ ಸಮನಾಗಿ ಬೀಳಿಸುವ ವ್ಯವಸ್ಥೆಯನ್ನು ಓವರಸಿಯರರು ಖುದ್ದಾಗಿ ನೋಡಿಕೊಳ್ಳತಕ್ಕದ್ದು."

೨. ನೀರಿನ ವಿಳಾಸ

ಅರ್ಜಿಯ ಜೊತೆ, ಮಳೆಯ ನೀರು ರಸ್ತೆಯಲ್ಲಿ ಹರಿದು ಹಾಳಾಗುವ ಫೋಟೋ ಇರಬೇಕೆಂದು ನಿಯಮ. ನಮ್ಮೂರಿನ ಫೋಟೋದವನು ಲಗ್ನದ ಫೋಟೋ ಬಿಟ್ಟರೆ ಬೇರೆ ತೆಗೆದವನಲ್ಲ. ದೊಡ್ಡ ಮಳೆ ಸುರಿದ ದಿನ ಅವನನ್ನು ಓಣಿಗೆ ಕಳಿಸಿ ನಾನು ಆಫೀಸಿಗೆ ಹೋದೆ. ಆಮೇಲೆ ಫೋಟೋ ನೋಡಿದರೆ, ಅದು ಸರಕಾರಕ್ಕೆ ಹೋಗುತ್ತದೆಂದು ತಿಳಿದು ಓಣಿಯವರೆಲ್ಲ ಒಳ್ಳೆಯ ಬಟ್ಟೆ ಉಟ್ಟು ಸಾಲಾಗಿ ನಿಂತಿದ್ದಾರೆ. ನೀರು ಅವರ ಹಿಂದೆ ಹರಿದಿದೆ. ಫೋಟೋದಲ್ಲಿ ಒಂದು ಹನಿಯೂ ಇಲ್ಲ.

ಬೇರೆ ಫೋಟೋ ತೆಗೆಯಲು ಮತ್ತೆ ಅಂಥ ಮಳೆ ಬರಲಿಲ್ಲ. ಅದನ್ನೇ ಫೈಲಿಗೆ ಅಂಟಿಸಿಕೊಂಡು ಬೇಸಿಗೆಯ ಮೊದಲಲ್ಲಿ ಕೊಲ್ಹಾಪುರಕ್ಕೆ ಹೋದೆ. ಅಲ್ಲಿಯ ಕಚೇರಿಯ ಗುಮಾಸ್ತ ಫೋಟೋವನ್ನು ಬಹಳ ಹೊತ್ತು ನೋಡಿ ಕೇಳಿದ, "ಲಗ್ನ ಕೋಣಾಚಂ?" ಯಾರ ಮದುವೆ ಅಂತ.

ಅದನ್ನು ಹೇಗೋ ತಿಳಿಸಿ ಹೇಳಿದೆ. ಅವನು ಮುಂದಿನ ಹಾಳೆಗೆ ಬಂದ. ಗುಂಡಿಗೆ ಬಿದ್ದ ನೀರು ಆಮೇಲೆ ಎಲ್ಲಿಗೆ ಹೋಗುತ್ತದೆ?

"ಭೂಮಿಯೊಳಗೆ," ಎಂದೆ.

"ಕೋಣಾಚ್ಯಾ ಭೂಮೀತ?"

ಯಾರ ಭೂಮಿ ಎಂದರೆ ಏನು ಹೇಳುವುದು? ನೀರು ಒಳಗೆ ಯಾವ ದಾರಿ ಹಿಡಿಯುತ್ತದೆಂದು ನಾನೇನು ಬೆನ್ನು ಹತ್ತಿ ಹೋಗಿದ್ದೆನೇ? ಅವನು ಬಿಡಲಿಲ್ಲ. ಜಾಗದ ನಂಬರು ಬೇಕು, ಮಾಲಕರ ಸಮ್ಮತಿಪತ್ರ ಬೇಕು, ಇಲ್ಲದಿದ್ದರೆ ಫೈಲು ವಾಪಸ್. ಒಂದು ವಾರ ಆ ಕಚೇರಿಯ ಬೆಂಚಿನ ಮೇಲೆ ಕುಳಿತೆ. ಕೊನೆಗೆ ತಲೆ ಕೆಟ್ಟು, ನನಗೆ ಬಾಯಿಪಾಠವಿದ್ದ ಒಂದೇ ಒಂದು ನಂಬರನ್ನು, ಅಂದರೆ ನನ್ನ ಸ್ವಂತ ಮನೆಯ ನಂಬರನ್ನು ಬರೆದು ಮಾಲಕ ಎಂದು ಸಹಿ ಹಾಕಿದೆ. ಫೈಲು ಆ ಕ್ಷಣವೇ ಮುಂದೆ ಹೋಯಿತು.

ಅಲ್ಲಿಂದ ಪ್ರತಿವರ್ಷ ನನ್ನ ಮನೆಗೆ ಒಂದು ಕಾಗದ ಬರತೊಡಗಿತು: ನಿಮ್ಮ ಜಾಗದ ಕೆಳಗೆ ಈ ವರ್ಷ ಎಷ್ಟು ನೀರು ಸಂಗ್ರಹವಾಗಿದೆ? ಮೊದಲ ಸಲ ಬಂದಾಗ ನಾನು ಗಾಬರಿಯಾಗಿ ಹೆಂಡತಿಗೆ ಓದಿ ಹೇಳಿದೆ. ಅವಳು ಅಡುಗೆಮನೆಯತ್ತ ಒಮ್ಮೆ ನೋಡಿ, "ಎರಡ ಕೊಡ ಅಂತ ಬರೀರಿ," ಎಂದಳು.

೩. ಮರ್ಯಾದಸ್ಥ ಗವಂಡಿ

ಫೈಲು ಮುಂದೆ ಹೋದದ್ದೇ ತಪಾಸಣೆಯ ದಿನವೂ ಗೊತ್ತಾಯಿತು. ನಮ್ಮ ಓಣಿಯ ಬಾವಿಯ ಪಕ್ಕ ಮಾದರಿಗಾಗಿ ಒಂದು ಗುಂಡಿ ತಯಾರಿರಬೇಕು. ಸಾಹೇಬರ ಎದುರು ಅದರಲ್ಲಿ ನೀರು ತುಂಬಬೇಕು, ಅದು ಇಂಗಬೇಕು. ಇಂಗಿದರೆ ಅನುದಾನ, ಇಲ್ಲದಿದ್ದರೆ ಇಲ್ಲ. ಈ ವರ್ಷ ತಪ್ಪಿದರೆ ಹಣ ಬೇರೆ ಊರಿಗೆ ಹೋಗುತ್ತದೆ ಎಂದು ಮುಖ್ಯಾಧಿಕಾರಿಗಳು ನನಗೆ ನಾಲ್ಕು ಸಲ ಹೇಳಿದ್ದರು.

ಗುಂಡಿಯ ಕೆಲಸವನ್ನು ನಾನು ಕೊಲ್ಹಾಪುರಕ್ಕೆ ಹೋಗುವ ಮೊದಲೇ ಇಚಲಕರಂಜಿಯ ಒಬ್ಬ ಗಾರೆ ಕೆಲಸದ ಗವಂಡಿಗೆ ಒಪ್ಪಿಸಿದ್ದೆ. ಅಲ್ಲಿ ಮಗ್ಗದವರು ನೂಲಿಗೆ ಬಣ್ಣ ಹಾಕುವ ಟಾಕಿಗಳನ್ನು, ಹನಿ ಸೋರದ ತೊಟ್ಟಿಗಳನ್ನು, ಕಟ್ಟುವುದರಲ್ಲಿ ಅವನದು ದೊಡ್ಡ ಹೆಸರು. ಕೆಲಸ ಸರಳ: ಸುತ್ತ ಬರೀ ಕಲ್ಲು, ತಳಕ್ಕೆ ಜಲ್ಲಿ ಮತ್ತು ಮರಳು. ಕಾಗದದ ಮೇಲೆ ಬರೆದು ಕೊಟ್ಟಿದ್ದೆ. ಓದಲು ಬರುತ್ತದೆಯೇ ಎಂದು ನಾನು ಕೇಳಲಿಲ್ಲ, ಬರುವುದಿಲ್ಲ ಎಂದು ಅವನು ಹೇಳಲಿಲ್ಲ.

ತಪಾಸಣೆಯ ದಿನ ಮುಂಜಾನೆ ಕೊಲ್ಹಾಪುರದಿಂದ ಬಂದ ಎಸ್‌ಟಿ ಬಸ್ಸು ಇಳಿದು ನೇರ ಓಣಿಗೆ ಹೋದೆ. ಗುಂಡಿ ತುಂಬ ನೀರು, ಕನ್ನಡಿಯ ಹಾಗೆ ನಿಂತಿದೆ. ಗವಂಡಿ ದಂಡೆಯ ಮೇಲೆ ಕೈಕಟ್ಟಿ ನಿಂತಿದ್ದಾನೆ.

"ಬರ್ರಿ ಸಾಹೇಬ್ರ. ಟ್ಯಾಂಕರದವಗ ಹೇಳಿ ನಿನ್ನಿ ಮುಂಜಾನೆ ತುಂಬಿಸೇನಿ, ಯಾರನ್ನೂ ಮುಟ್ಟಾಕ ಬಿಟ್ಟಿಲ್ಲ. ಇದ್ದಲಿಲೆ ಗೆರಿ ಹೊಡದೇನಿ, ನೋಡ್ರಿ. ಒಂದ ಬೆರಳ ಇಳದಿದ್ರ ನನ್ನ ಕರಣಿ ಹೊಳ್ಯಾಗ ಒಗೀತೇನಿ."

ನಾನು ಬಗ್ಗಿ ನೀರೊಳಗೆ ನೋಡಿದೆ. ಜಲ್ಲಿಯ ಮೇಲೆ ಕಾಂಕ್ರೀಟು, ಕಲ್ಲಿಗೆ ಎರಡು ಕೈ ಸಿಮೆಂಟು ಗಿಲಾವು.

"ಮಾರಾಯಾ, ಇದು ಇಂಗಬೇಕು. ನೀರು ನಿಲ್ಲಬಾರದು."

ಅವನು ನನ್ನನ್ನು ಕರುಣೆಯಿಂದ ನೋಡಿದ. "ಬಿಸಲಾಗ ಬಂದೀರಿ. ಕುಂಡರ್ರಿ, ನೀರ ಕುಡೀರಿ."

"ತಳಾ ಒಡಿ," ಎಂದೆ.

"ಒಡಸೂದಿದ್ರ ಬ್ಯಾರೆಯವ್ರನ್ನ ಕರೀರಿ. ಸೋರೂ ಟಾಕಿ ಕಟ್ಟಿದ ಅಂತ ಹೆಸರ ಬಂದ್ರ ನನ್ನ ಮಗಳನ್ನ ಯಾರ ಮಾಡ್ಕೋತಾರ್ರಿ?"

ಅಷ್ಟರಲ್ಲಿ ತಪಾಸಣೆಯ ಸಾಹೇಬರನ್ನೂ ನಮ್ಮ ಮುಖ್ಯಾಧಿಕಾರಿಗಳನ್ನೂ ಹೊತ್ತ ಜೀಪು ಬಂತು.

೪. ಒಂದು ತಾಸಿನ ಪರೀಕ್ಷೆ

ಸಾಹೇಬರು ಮರಾಠಿಯವರು, ಆದರೆ ತಾಯಿಯ ತವರು ನಾಂದಣಿಯ ಕಡೆ ಆದ್ದರಿಂದ ಕನ್ನಡ ಚೆನ್ನಾಗಿತ್ತು. ಗುಂಡಿ ನೋಡಿ, "ಮೊದಲ ತುಂಬಿಸಿ ಇಟ್ಟೀರಿ, ಛಲೋ ಆತು," ಎಂದು ನೀರಿನ ಮಟ್ಟಕ್ಕೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆದರು. ಒಂದು ತಾಸಿಗೆ ನಾಲ್ಕು ಬೆರಳು ಇಳಿದರೆ ಸಾಕಂತೆ. ನಾಲ್ಕು ವರ್ಷಕ್ಕೂ ಇಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಆ ಒಂದು ತಾಸು ಸಾಹೇಬರಿಗೆ ನಮ್ಮ ಮನೆಯಲ್ಲಿ ಊಟ. ಗವಂಡಿಯೂ ಕೈ ತೊಳೆದುಕೊಂಡು ಹಿಂದೆಯೇ ಬಂದ. ಸಾಹೇಬರು ರೊಟ್ಟಿ, ಎಣ್ಣೆಗಾಯಿ ಮೆಚ್ಚಿ ಉಂಡು ಎರಡು ತಂಬಿಗೆ ನೀರು ಕುಡಿದರು.

ತಿರುಗಿ ಹೋಗಿ ನೋಡಿದರೆ ಗುಂಡಿ ಖಾಲಿ. ತಳದಲ್ಲಿ ಅಂಗೈಯಷ್ಟು ಒದ್ದೆ. ನಾನು ಕಣ್ಣುಜ್ಜಿಕೊಂಡೆ. ಮುಖ್ಯಾಧಿಕಾರಿಗಳು ನನ್ನನ್ನು ನೋಡಿದರು, ನಾನು ಆಕಾಶ ನೋಡಿದೆ.

"ವಾ," ಎಂದರು ಸಾಹೇಬರು. "ಒಂದ ತಾಸಿನ್ಯಾಗ ಪೂರಾ ಇಂಗೈತಿ. ನನ್ನ ಸರ್ವಿಸಿನ್ಯಾಗ ನೋಡಿಲ್ಲ." ಪೆನ್ನು ತೆಗೆದರು. ಇನ್ನೊಂದು ಸಾಲು ಬರೆದರೆ ನನ್ನ ಮಾತು ಉಳಿಯುತ್ತಿತ್ತು.

"ಪೆನ್ನ ಇಡ್ರಿ ಸಾಹೇಬ್ರ," ಎಂದು ಗವಂಡಿ ಮುಂದೆ ಬಂದ. ಮುಖ ಬಿಳಿಚಿಕೊಂಡಿತ್ತು. "ನಾ ಕಟ್ಟಿದ್ದು ಸೋರೂದಿಲ್ಲ." ನಾನು ಹಿಂದಿನಿಂದ ಅವನ ಪಕ್ಕೆ ಚಿವುಟಿದೆ. "ಓವರಸಿಯರ ಸಾಹೇಬ್ರ, ಚಿವಟಬ್ಯಾಡ್ರಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಗುಂಡಿಗೆ ಇಳಿದ. ಕರಣಿಯ ಹಿಡಿಯಿಂದ ತಳ ಬಡಿದು, "ಎಲ್ಲಿ ಸೋರೈತಿ, ಬೆರಳ ಇಟ್ಟ ತೋರಸ್ರಿ," ಎಂದ. ತಳ ಠಣ್ ಎಂದಿತು.

ಸಾಹೇಬರು ಬಗ್ಗಿ ನೋಡಿದರು. "ಹಂಗಾರ ನೀರ ಎಲ್ಲಿ ಹೋತು?"

ಮನೆಯ ಕಟ್ಟೆಯಿಂದ ನನ್ನ ಹೆಂಡತಿ ಹೇಳಿದಳು: "ಮಣ್ಣಿಗಿ ಬಿಡೂ ನೀರ ಅಂದ್ರು. ಸುಮ್ನ ಯಾಕ ಹಾಳ ಮಾಡೂದು ಅಂತ ಓಣ್ಯಾನವರೆಲ್ಲಾ ತುಂಬ್ಕೊಂಡ್ರು. ಮನ್ಯಾಗ ಪಾವಣೇರ ಅದಾರಂತ ನಮಗೂ ಒಂದ ಕೊಡ ತಂದ ಕೊಟ್ರು. ನಿಮ್ಮ ಹೊಟ್ಟ್ಯಾಗೂ ಎರಡ ತಂಬಗಿ ಹೋಗೈತ್ರಿ."

ಸಾಹೇಬರ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅವರು ಓಣಿಯ ಬಾವಿಗೆ ಹೋಗಿ ಬಗ್ಗಿ ಒಣಗಿದ ತಳ ನೋಡಿದರು. ಕಟ್ಟೆಕಟ್ಟೆಯ ಮೇಲೂ ತುಂಬಿ ನಿಂತ ಕೊಡಗಳನ್ನು ನೋಡಿದರು. ಏನೋ ಉದ್ದಕ್ಕೆ ಬರೆದುಕೊಂಡು, ಮಾತಾಡದೆ ಜೀಪು ಹತ್ತಿದರು. ಆ ದಿನ ನನಗೆ ಅಳುವುದೊಂದು ಬಾಕಿ ಇತ್ತು.

ಎರಡು ತಿಂಗಳಿಗೆ ಆದೇಶ ಬಂತು. ಅನುದಾನ ಮಂಜೂರು. ಒಂದು ತಾಸಿನಲ್ಲಿ ಗುಂಡಿ ಬರಿದು ಮಾಡುವಷ್ಟು ನೀರಿನ ಅಡಚಣೆ ತಾವು ಬೇರೆಲ್ಲೂ ನೋಡಿಲ್ಲ ಎಂದು ಸಾಹೇಬರು ಬರೆದಿದ್ದರು. ಕೆಳಗೆ ಒಂದು ಷರತ್ತು: "ಸದರಿ ಗವಂಡಿಯ ಕೆಲಸವನ್ನು ಸ್ವತಃ ಪರೀಕ್ಷಿಸಲಾಗಿದ್ದು ಒಂದು ಹನಿ ನೀರೂ ಇಂಗಿರುವುದಿಲ್ಲ. ಆದ್ದರಿಂದ ಈತನಿಗೆ ಕೆಲಸ ಕೊಡಕೂಡದು." ನಿಯಮದ ಪ್ರಕಾರ ಅವನಿಗೂ ಒಂದು ನಕಲು ಕಳಿಸಿದೆ. ಪಾಪ, ಓದಿಸಿಕೊಂಡು ಎಷ್ಟು ನೊಂದನೋ ಎಂದು ಬಹಳ ದಿನ ಕೆಡುಕೆನಿಸಿತು.

ಬೇರೆ ಗವಂಡಿ ಕಟ್ಟಿದ ಗುಂಡಿಗಳಲ್ಲಿ ಮಳೆಗಾಲದ ನೀರು ಇಂಗಿತು, ಮುಂದಿನ ಹೋಳಿಗೆ ನಮ್ಮ ಬಾವಿಯಲ್ಲಿ ನೀರು ಇತ್ತು. ಹೆಂಡತಿ ಓಣಿಯಲ್ಲೇ ಸೇದಿದಳು. ನನ್ನನ್ನು ಹೊಗಳಲಿಲ್ಲ, "ಇಷ್ಟ ಉದ್ದ ಹಗ್ಗ ಯಾಕ ತಂದ್ರಿ?" ಎಂದು ಬೈದಳು.

ಅದೇ ವರ್ಷ ಇಚಲಕರಂಜಿಗೆ ಹೋಗಿದ್ದೆ. ಗವಂಡಿ ಕಂಡರೆ ಏನು ಹೇಳಲಿ ಎಂದು ಗೋಡೆ ಹಿಡಿದು ನಡೆಯುತ್ತಿದ್ದೆ. ಅವನೇ ಹಿಡಿದ, ಬಲವಂತವಾಗಿ ಮನೆಗೆ ಕರೆದೊಯ್ದ. ಗೋಡೆಯ ಮೇಲೆ ದೇವರ ಪಟದ ಪಕ್ಕ ಗಾಜಿನ ಫ್ರೇಮು, ಅದಕ್ಕೆ ಹಾರ. ಒಳಗೆ ನಾನು ಕಳಿಸಿದ ನಕಲು. "ಒಂದು ಹನಿ ನೀರೂ ಇಂಗಿರುವುದಿಲ್ಲ" ಎಂಬ ಮಾತಿನ ಕೆಳಗೆ ಕೆಂಪು ಗೆರೆ, ಬದಿಗೆ ಸರಕಾರದ ದುಂಡು ಸಿಕ್ಕಾ.

"ಇಷ್ಟ ವರ್ಷ ಟಾಕಿ ಕಟ್ಟೇನ್ರಿ, ಒಬ್ಬ ಮಾಲಕನೂ ಒಂದ ಚೀಟಿ ಬರದ ಕೊಟ್ಟಿರ್ಲಿಲ್ಲ," ಎಂದ. ಕಣ್ಣಲ್ಲಿ ನೀರು. "ಇದನ್ನ ನೋಡಿ ಮಂದಿ ಸಾಲ ಹಚ್ಯಾರ. ಇನ್ನೊಂದ ನಕಲ ಕೊಡಸ್ರಿ, ಶಿರೋಳಿ ಕಾರ್ಖಾನಿಯವರೂ ಕೇಳಾಕತ್ಯಾರ."

ನಾನು ಧೈರ್ಯ ಮಾಡಿ, "ಅಲ್ಲೋ, ಅದರ ಕೆಳಗ ಇನ್ನೊಂದ ಸಾಲ ಇತ್ತಲ್ಲ?" ಎಂದೆ.

"ಓದಿಸೇನ್ರಿ," ಎಂದ. "ಅದಕ್ಕ ಫ್ರೇಮಿನ ಕೆಳಗಿನ ಪಟ್ಟಿ ಅಗಲ ಹಾಕಿಸೇನಿ."